ಮಾತಿಲ್ಲದ ನಾಯಕನಿಗೆ ಮಾತು: ವಿಡಿಯೋ ಆಟದಿಂದ ಮಂಗಾ ಪುಸ್ತಕಕ್ಕೆ

(ಸಂಘದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಅಬುಧಾಬಿಯ ಈ ಎಲೆಕ್ಟ್ರಾ ಸ್ಟ್ರೀಟಿನ ಬಹುಮಹಡಿ ಕಟ್ಟಡಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಅಂಗಳವಿಲ್ಲ. ಬೇಸಗೆಯ ನಾಲ್ಕು ತಿಂಗಳು ಹಗಲಿನಲ್ಲಿ ಹೊರಗೆ ಆಡುವಂತೆಯೂ ಇಲ್ಲ. ಆದುದರಿಂದ ಅವರ ಆಟವೆಲ್ಲ ಪರದೆಯ ಮೇಲೆ. ಪರದೆಯನ್ನು ಆರಿಸಿದರೆ ಅದೇ ಆಟದ ಕಥೆಯುಳ್ಳ ಜಪಾನೀ ಚಿತ್ರಪುಸ್ತಕ ಕೈಗೆ ಬರುತ್ತದೆ. ಅದಕ್ಕೆ ‘ಮಂಗಾ’ ಎಂದು ಹೆಸರು. ನಮ್ಮ ಕಿವಿಗೆ ಈ ಪದ ನಗೆ ತರಿಸಬಹುದಾದರೂ ಜಪಾನೀ ಭಾಷೆಯಲ್ಲಿ ಅದು ಚಿತ್ರಕಥೆಗೆ ಸಲ್ಲುವ ಮಾತು. “ಆಟದಲ್ಲೂ ಹೊಡೆದಾಟ, ಪುಸ್ತಕದಲ್ಲೂ ಹೊಡೆದಾಟ, ಇದರಲ್ಲಿ ಓದುವುದಕ್ಕೇನಿದೆ?” ಎಂದು ಹಿರಿಯರು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರವನ್ನು ಹುಡುಕುವುದು ನನ್ನ ಇಂದಿನ ಉದ್ದೇಶ.

ಹೊಡೆದಾಟದ ಆಟಗಳಲ್ಲಿ ಕಥೆ ಬಹಳ ತೆಳು. 1991ರಲ್ಲಿ ಕ್ಯಾಪ್‌ಕಾಮ್ ಸಂಸ್ಥೆ ಹೊರತಂದ ‘ಸ್ಟ್ರೀಟ್ ಫೈಟರ್ 2’ ಆಟವನ್ನೇ ನೋಡಿ. ಆಡುವವನು ಒಬ್ಬ ಮಲ್ಲನನ್ನು ಆರಿಸಿಕೊಂಡು ಉಳಿದವರನ್ನು ಒಬ್ಬೊಬ್ಬರನ್ನಾಗಿ ಸೋಲಿಸಬೇಕು, ಅಷ್ಟೆ. ಮಂಗಾ ಬರೆಯುವವನಿಗೆ ಇಷ್ಟು ಸಾಲದು. ಇವರು ಏಕೆ ಕಾದಾಡುತ್ತಾರೆ, ಸೋತವನ ಮನಸ್ಸಿನಲ್ಲಿ ಏನಾಯಿತು ಎಂಬುದನ್ನು ಅವನು ಕಲ್ಪಿಸಬೇಕಾಗುತ್ತದೆ. ಕೆಲವೊಮ್ಮೆ ಕಲ್ಪನೆ ಮೂಲಕ್ಕೇ ಹಿಂದಿರುಗುವುದೂ ಉಂಟು. ಮಸಾಹಿಕೊ ನಕಾಹಿರಾ ಎಂಬ ಚಿತ್ರಕಾರರು ಈ ಆಟದ ಸರಣಿಯ ಸಕುರಾ ಎಂಬ ಪಾತ್ರವನ್ನು ಕುರಿತು ಬರೆದ ಮಂಗಾದಲ್ಲಿ ಅವಳಿಗೆ ಎದುರಾಳಿಯಾಗಿ ಕರಿನ್ ಎಂಬ ಶ್ರೀಮಂತ ಹುಡುಗಿಯನ್ನು ಸೃಷ್ಟಿಸಿದರು. 1998ರ ‘ಸ್ಟ್ರೀಟ್ ಫೈಟರ್ ಆಲ್ಫಾ 3’ ಆಟದಲ್ಲಿ ಆ ಕರಿನ್ ಸ್ವತಃ ಕಣಕ್ಕಿಳಿದಳು.

ಇದಕ್ಕಿಂತಲೂ ಸ್ವಾರಸ್ಯವಾದುದು ‘ಜೆಲ್ಡಾ’ ಸರಣಿಯ ಸಂಗತಿ. ನಿಂಟೆಂಡೊ ಸಂಸ್ಥೆ 1986ರಲ್ಲಿ ಆರಂಭಿಸಿದ ಈ ಸರಣಿಯ ನಾಯಕ ಲಿಂಕ್ ಆಟದಲ್ಲಿ ಮಾತನಾಡುವುದೇ ಇಲ್ಲ. ಆಡುವ ಮಗು ತಾನೇ ಲಿಂಕ್ ಎಂದು ಭಾವಿಸಲಿ ಎಂಬುದು ಅದರ ಹಿಂದಿನ ಯೋಚನೆ. 1998ರ ‘ಒಕರಿನಾ ಆಫ್ ಟೈಮ್’ ಆಟವನ್ನು ಮಂಗಾ ರೂಪಕ್ಕೆ ತಂದವರು ಅಕಿರಾ ಹಿಮೆಕಾವಾ. ಇದು ಇಬ್ಬರು ಮಹಿಳೆಯರು ಕೂಡಿ ಇರಿಸಿಕೊಂಡ ಒಂದೇ ಹೆಸರು. ಅವರು ಲಿಂಕ್‌ನ ಬಾಯಿಗೆ ಮಾತು ಕೊಟ್ಟರು, ಮನಸ್ಸಿಗೆ ನೆನಪು ಕೊಟ್ಟರು. ಆಟದಲ್ಲಿ ಬೆಂಕಿಯ ಗುಡಿಯಲ್ಲಿರುವ ವೊಲ್ವೇಜಿಯಾ ಎಂಬ ಡ್ರ್ಯಾಗನ್ ಕೊಲ್ಲಬೇಕಾದ ಒಂದು ಶತ್ರು ಮಾತ್ರ. ಮಂಗಾದಲ್ಲಿಯಾದರೋ, ಬಾಲಕ ಲಿಂಕ್ ಪೇಟೆಯಲ್ಲಿ ಮರಿ ಡ್ರ್ಯಾಗನ್ ಒಂದನ್ನು ಕಂಡು ಬಿಡಿಸುತ್ತಾನೆ. ಎರಡೂ ಜೀವಗಳಿಗೆ ಸ್ನೇಹವಾಗುತ್ತದೆ. ಏಳು ವರ್ಷಗಳ ಬಳಿಕ ಅವನು ಕತ್ತಿ ಹಿಡಿದು ಎದುರಿಸಬೇಕಾದದ್ದು ಅದೇ ಗೆಳೆಯನನ್ನು. ಆಟದಲ್ಲಿ ಗೆಲುವಾಗಿದ್ದದ್ದು ಪುಸ್ತಕದಲ್ಲಿ ದುಃಖವಾಗುತ್ತದೆ.

ನಮ್ಮ ಕರಾವಳಿಯವರಿಗೆ, ಕಾಸರಗೋಡಿನವರಿಗೆ ಈ ಕೆಲಸ ಹೊಸದಲ್ಲ. ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯ ಕೆಲವೇ ಸಾಲು. ಕಥೆ ಎಲ್ಲರಿಗೂ ಗೊತ್ತಿರುವಂಥದು. ಆದರೆ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವಾಗ ಅರ್ಥಧಾರಿಗಳು ತಮ್ಮ ಪ್ರತಿಭೆಯಿಂದ ಕಟ್ಟುವ ಮಾತಿಗಾಗಿ ಜನ ರಾತ್ರಿಯಿಡೀ ಕುಳಿತಿರುತ್ತಾರೆ. ಪದ್ಯ ಕಟ್ಟಿಕೊಟ್ಟದ್ದು, ಅರ್ಥ ಕಲಾವಿದನದು. ಹಿಮೆಕಾವಾ ಅವರು ಮಾಡಿದ್ದು ಇಂಥದೇ ಅರ್ಥಗಾರಿಕೆ. ಹಾಗೆಂದು ಎಲ್ಲ ಮಂಗಾಗಳೂ ಈ ಮಟ್ಟದವಲ್ಲ. ಆಟದ ಮಾರಾಟಕ್ಕೆ ಜಾಹೀರಾತಾಗಿ ಹುಟ್ಟಿ ಮರೆಯಾದವೂ ಹಲವಿವೆ. ಆಟದಲ್ಲಿಲ್ಲದ ಯಾವ ಮಾತನ್ನು ಪುಸ್ತಕ ಹೇಳಿತು ಎಂದು ಮಕ್ಕಳನ್ನು ಕೇಳಿನೋಡಿ. ಜೊಳ್ಳು ಯಾವುದು, ಕಾಳು ಯಾವುದು ಎಂದು ಅವರೇ ಹೇಳುತ್ತಾರೆ.

ಇನ್ನು ನಾವಿರುವ ಈ ನಾಡಿನ ವಿಷಯ. ‘ಮಾಜಿದ್’ ಎಂಬ ಅರಬ್ಬೀ ಮಕ್ಕಳ ಪತ್ರಿಕೆ 1979ರಲ್ಲಿ ಆರಂಭವಾದದ್ದು ಅಬುಧಾಬಿಯಲ್ಲೇ. ಆದರೂ ಅರಬ್ ಮಕ್ಕಳು ತಮ್ಮ ಭಾಷೆಯಲ್ಲಿ ಸಂತೋಷಕ್ಕಾಗಿ ಓದುವುದು ಕಡಿಮೆಯಾಗುತ್ತಿದೆ ಎಂಬ ಕಳವಳ ಇಲ್ಲಿನವರಿಗೂ ಇತ್ತು. ಎಮಿರಾತಿ ಲೇಖಕ ಕೈಸ್ ಸೆದ್ಕಿ ಅವರು ಮಂಗಾವನ್ನು ನಿಂದಿಸುತ್ತ ಕೂರದೆ, ಜೆಲ್ಡಾ ಮಂಗಾ ರಚಿಸಿದ ಅದೇ ಹಿಮೆಕಾವಾ ಅವರಿಂದ ಚಿತ್ರ ಬರೆಸಿ, 2009ರಲ್ಲಿ ‘ಸಿವಾರ್ ಅಲ್ ಧಹಬ್’, ಅಂದರೆ ‘ಚಿನ್ನದ ಬಳೆ’ ಎಂಬ ಅರಬ್ಬೀ ಮಂಗಾವನ್ನು ಪ್ರಕಟಿಸಿದರು. ಅದರ ನಾಯಕ ಸುಲ್ತಾನ್ ಎಂಬ ಬಾಲಕ. ವಸ್ತು ಈ ಮರುಭೂಮಿಯ ಗಿಡುಗ ಸಾಕುವ ವಿದ್ಯೆ. 2010ರಲ್ಲಿ ಅದಕ್ಕೆ ಮಕ್ಕಳ ಸಾಹಿತ್ಯ ವಿಭಾಗದಲ್ಲಿ ಶೇಖ್ ಜಾಯೆದ್ ಗ್ರಂಥ ಪ್ರಶಸ್ತಿ ಬಂದಿತು.

ನಮ್ಮವರೂ ಇಂಥ ಕೆಲಸ ಮಾಡಿದ್ದಾರೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ಪರದೇಶದ ಕಾಮಿಕ್ಸ್ ರೂಪವನ್ನೇ ಹಿಡಿದು, 1967ರಲ್ಲಿ ‘ಅಮರ ಚಿತ್ರ ಕಥಾ’ ಮಾಲೆಯ ಮೂಲಕ ನಮ್ಮ ಪುರಾಣಗಳನ್ನು ಮಕ್ಕಳ ಕೈಗಿಟ್ಟರು.

ಕನ್ನಡದಲ್ಲಿ ಮಂಗಾ ಮಾಡಬಯಸುವವರಿಗೆ ಎರಡು ತೊಡಕುಗಳಿವೆ. ಜಪಾನೀ ಪುಟ ಬಲದಿಂದ ಎಡಕ್ಕೆ ಸಾಗುತ್ತದೆ. ಅರಬ್ಬಿಗೆ ಅದು ಸಹಜ, ನಮಗೆ ಅಲ್ಲ. ಚಿತ್ರವನ್ನು ಕನ್ನಡಿಯಲ್ಲಿಟ್ಟಂತೆ ತಿರುಗಿಸಿದರೆ ಎಡಗೈಯಲ್ಲಿ ಕತ್ತಿ ಹಿಡಿಯುವ ಲಿಂಕ್ ಬಲಗೈಯವನಾಗುತ್ತಾನೆ. 2006ರ ‘ಟ್ವೈಲೈಟ್ ಪ್ರಿನ್ಸೆಸ್’ ಆಟದಲ್ಲಿ ನಿಂಟೆಂಡೊದವರೇ ವೀ ಯಂತ್ರಕ್ಕಾಗಿ ಹೀಗೆ ತಿರುಗಿಸಿದ್ದರು. ಎರಡನೆಯದಾಗಿ, ಜಪಾನೀ ಮಾತು ಮೇಲಿನಿಂದ ಕೆಳಕ್ಕೆ ಇಳಿಯುವುದರಿಂದ ಅವರ ಮಾತಿನ ಗುಳ್ಳೆಗಳು ಕಿರಿದಾಗಿ ಉದ್ದವಾಗಿರುತ್ತವೆ. ಅಡ್ಡ ಸಾಲಿನ, ಒತ್ತಕ್ಷರದ ಕನ್ನಡಕ್ಕೆ ಅಲ್ಲಿ ಎಡೆ ಸಾಲದು. ಹಾಗಾಗಿ ಅವರ ಪುಟಕ್ಕೆ ಕನ್ನಡ ತುಂಬುವುದಕ್ಕಿಂತ ನಮ್ಮ ಪುಟವನ್ನೇ ಹೊಸದಾಗಿ ಬರೆಯುವುದು ಸುಲಭ.

ಪೋಷಕರಲ್ಲಿ ನನ್ನ ವಿನಂತಿ ಇಷ್ಟೆ. ಮಗುವಿನ ಕೈಯಿಂದ ಆ ಪುಸ್ತಕವನ್ನು ಕಸಿದುಕೊಳ್ಳಬೇಡಿ. ಅದರ ಕಥೆಯನ್ನು ಊರಿನಲ್ಲಿರುವ ಅಜ್ಜಿಗೆ ಫೋನಿನಲ್ಲಿ ಕನ್ನಡದಲ್ಲಿ ಹೇಳಿಸಿ. ಪದ ಸಿಗದೆ ತಡವರಿಸಿದಾಗ ಅಜ್ಜಿಯೇ ಎತ್ತಿಕೊಡುತ್ತಾರೆ. ಅನಂತರ ಒಂದು ಹಾಳೆಯಲ್ಲಿ ನಾಲ್ಕು ಚೌಕ ಗೀಚಿ, ಎಡದಿಂದ ಬಲಕ್ಕೆ, ಲಿಂಕ್ ಆ ಡ್ರ್ಯಾಗನ್‌ಗೆ ಕನ್ನಡದಲ್ಲಿ ಏನೆನ್ನುತ್ತಿದ್ದ ಎಂಬುದನ್ನು ಮಗುವೇ ಬರೆಯಲಿ. ಅಂಥ ಹಾಳೆಗಳನ್ನು ಮುಂದಿನ ಸಂಚಿಕೆಗಳಲ್ಲಿ ಅಚ್ಚು ಹಾಕಬೇಕೆಂದು ಸಂಪಾದಕರನ್ನು ಕೋರುತ್ತೇನೆ.