ನಕ್ಷೆಯಲ್ಲಿ ಉಂಟು, ಬೀದಿಯಲ್ಲಿ ಇಲ್ಲ

ಬಾಗಿಲಿನ ಬೀಗದ ಕೈ ಕಳೆದುಹೋದಾಗ ನಮ್ಮ ಹಿರಿಯರು ಮಾಡುತ್ತಿದ್ದ ಉಪಾಯವು ಸರಳವಾದುದು. ನೆರೆಮನೆಯವರನ್ನು ಕೇಳುವರು, ಅವರು, “ಪೇಟೆಬೀದಿಯ ಅರಳಿಕಟ್ಟೆಯ ಬಳಿ ಬೀಗ ರಿಪೇರಿಯ ಸಾಬರು ಕೂತಿರುತ್ತಾರೆ, ಅವರನ್ನು ಕರೆತನ್ನಿ” ಎನ್ನುವರು. ಆ ಸಾಬರನ್ನು ಹತ್ತು ಮನೆಯವರು ಬಲ್ಲರು. ಒಂದು ದಿನ ಅನ್ಯಾಯದ ಕೂಲಿ ಕೇಳಿದರೆ ಮರುದಿನ ಅದೇ ಬೀದಿಯಲ್ಲಿ ತಲೆಯೆತ್ತಿ ನಡೆಯುವಂತಿರಲಿಲ್ಲ. ಈಗಲಾದರೋ, ಮನೆಯ ಹುಡುಗನು ಮೊಬೈಲನ್ನು ತೆಗೆದು ಎರಡು ಮಾತು ಬರೆಯುವಷ್ಟರಲ್ಲಿ ನಕ್ಷೆಯ ಮೇಲೆ ಐದಾರು ಗುರುತುಗಳು ಮೂಡುತ್ತವೆ. ಒಂದೊಂದಕ್ಕೂ ಅಂಗಡಿಯ ಹೆಸರು, ವಿಳಾಸ, ದೂರವಾಣಿಯ ಸಂಖ್ಯೆ, ಜೊತೆಗೆ ನಾಲ್ಕೈದು ನಕ್ಷತ್ರ. ನಕ್ಷೆಯಲ್ಲಿ ಇದೆಯೆಂದ ಮೇಲೆ ಯಾರೋ ಹೋಗಿ ನೋಡಿ ಬರೆದೇ ಇರಬೇಕೆಂದು ಗೃಹಸ್ಥನು ನಂಬುತ್ತಾನೆ. ಮೋಸಕ್ಕೆ ಮೂಲವಾದುದು ಈ ನಂಬಿಕೆಯೇ.

ನಕ್ಷೆಯೆಂದರೆ ಸರಪಳಿ ಹಿಡಿದು ನೆಲವನ್ನು ಅಳೆದವರು ಬರೆದದ್ದೆಂಬ ಭಾವನೆಯು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಗೂಗಲ್ ಸಂಸ್ಥೆಯವರು ತಮ್ಮ ನಕ್ಷೆಯನ್ನು ಲೋಕಕ್ಕೆ ಕೊಟ್ಟುದು 2005ರಲ್ಲಿ. ಅದರ ರಸ್ತೆ, ಕೆರೆ, ಹೊಳೆಗಳ ಮಟ್ಟಿಗೆ ಆ ಭಾವನೆಯು ಬಹುಮಟ್ಟಿಗೆ ಸರಿ. ಅಳತೆಯ ಲೆಕ್ಕಗಳೂ ಉಪಗ್ರಹಗಳು ತೆಗೆದ ಚಿತ್ರಗಳೂ ಅಲ್ಲಿ ಆಧಾರ. ಅಂಗಡಿಗಳ ಮಾತು ಬೇರೆ. ಅಂಗಡಿಯ ವಿವರವನ್ನು ಅನೇಕ ವೇಳೆ ವರ್ತಕನು ತಾನೇ ಬರೆದು ಸೇರಿಸುತ್ತಾನೆ. ದಾರಿಹೋಕನಿಗೂ ಸೇರಿಸಲು ಅವಕಾಶವುಂಟು. “ಈ ಸಂಖ್ಯೆ ಬದಲಾಗಿದೆ”, “ಈ ಅಂಗಡಿ ಮುಚ್ಚಿಹೋಯಿತು” ಎಂದು ಯಾರು ಬೇಕಾದರೂ ಸೂಚಿಸಬಹುದು. ಇದಕ್ಕೆ ಶುಲ್ಕವಿಲ್ಲ. ವರ್ತಕನು ನಿಜವಾಗಿ ಆ ಸ್ಥಳದವನೇ ಎಂದು ತಿಳಿಯಲು ಮೊದಲು ಸಂಸ್ಥೆಯವರು ಗುಟ್ಟಿನ ಅಂಕಿಯಿರುವ ಒಂದು ಕಾರ್ಡನ್ನು ವಿಳಾಸಕ್ಕೆ ಟಪಾಲಿನಲ್ಲಿ ಕಳುಹಿಸುತ್ತಿದ್ದರು. ಮೋಸಗಾರರು ಬಾಡಿಗೆಯ ಟಪಾಲು ಪೆಟ್ಟಿಗೆಗಳನ್ನು ಹಿಡಿದರು. ಈಚೆಗೆ ಅಂಗಡಿಯ ಬೋರ್ಡನ್ನೂ ಒಳಗಿನ ಸಾಮಾನನ್ನೂ ವಿಡಿಯೋ ತೆಗೆದು ತೋರಿಸಿರೆಂದು ಕೇಳುವುದೂ ಉಂಟು.

ಈ ವಂಚನೆಯು ಶಾಸ್ತ್ರೋಕ್ತವಾಗಿ ಬೆಳೆದುದು ಅಮೆರಿಕಾ ದೇಶದಲ್ಲಿ, ಅದೂ ಬೀಗದ ಕಸುಬಿನಲ್ಲಿಯೇ. ಅದರ ರೀತಿ ಹೀಗೆ: ನಡುರಾತ್ರಿಯಲ್ಲಿ ಮನೆಯ ಹೊರಗೆ ಸಿಕ್ಕಿಕೊಂಡವರು ನಕ್ಷೆಯಲ್ಲಿ ಹತ್ತಿರದ ಅಂಗಡಿಯನ್ನು ನೋಡಿ ಫೋನು ಮಾಡುತ್ತಾರೆ. ಆ ಗುರುತಿರುವ ಸ್ಥಳದಲ್ಲಿ ಅಂಗಡಿಯೇ ಇಲ್ಲ. ಖಾಲಿ ನಿವೇಶನವೋ, ಯಾರದೋ ಮನೆಯೋ ಇರುತ್ತದೆ. ಕರೆಯು ಎಲ್ಲಿಯೋ ದೂರದಲ್ಲಿರುವ ಒಂದು ಕಛೇರಿಗೆ ಹೋಗುತ್ತದೆ. ಅಲ್ಲಿಯವರು ಇಪ್ಪತ್ತು ಮೂವತ್ತು ಡಾಲರು ಸಾಕೆಂದು ಹೇಳಿ ಒಬ್ಬನನ್ನು ಕಳುಹಿಸುತ್ತಾರೆ. ಅವನು ಬಂದು ಬೀಗವನ್ನು ತಿರುಗಿಸಿ ನೋಡಿ, “ಇದು ವಿಶೇಷ ಬೀಗ, ಕೊರೆಯದ ಹೊರತು ತೆರೆಯದು” ಎಂದು ಅದನ್ನು ಹಾಳುಮಾಡಿ, ಹೊಸದನ್ನು ಹಾಕಿ, ನೂರಾರು ಡಾಲರುಗಳನ್ನು ಕೇಳುತ್ತಾನೆ. ಚಳಿಯಲ್ಲಿ ಮಕ್ಕಳೊಡನೆ ನಿಂತ ತಾಯಿಯು ವಾದ ಮಾಡಿಯಾಳೆ?

ಬೀಗದವರು, ನಲ್ಲಿಯವರು, ಕೆಟ್ಟ ಕಾರನ್ನು ಎಳೆದೊಯ್ಯುವವರು—ಇಂಥ ಕಸುಬುಗಳಲ್ಲಿಯೇ ಈ ಹಾವಳಿ ಹೆಚ್ಚಾದುದಕ್ಕೆ ಕಾರಣವುಂಟು. ಇಲ್ಲಿ ಗಿರಾಕಿಯು ಅಂಗಡಿಗೆ ಹೋಗುವುದಿಲ್ಲ. ಕೆಲಸದವನೇ ಮನೆಗೆ ಬರುತ್ತಾನೆ. ಮೇಲಾಗಿ ಕರೆಯುವವನಿಗೆ ಯಾವಾಗಲೂ ಅವಸರ. ಹೋಟೆಲೊಂದು ಸುಳ್ಳಾಗಿದ್ದರೆ ಊಟಕ್ಕೆ ಹೋದವನಿಗೆ ಬಾಗಿಲಲ್ಲೇ ತಿಳಿಯುತ್ತದೆ. ಸುಳ್ಳು ಬೀಗದವನು ತಿಳಿಯುವುದು ಬೀಗ ಹೋದ ಮೇಲೆ.

ಗಿರಾಕಿಯ ನಷ್ಟವನ್ನು ಎಲ್ಲರೂ ಆಡಿಕೊಳ್ಳುತ್ತಾರೆ. ಬಾಡಿಗೆ ಕೊಟ್ಟು, ತೆರಿಗೆ ಕಟ್ಟಿ, ವರ್ಷಾನುಗಟ್ಟಲೆ ಒಂದೇ ಜಾಗದಲ್ಲಿ ಕುಳಿತ ಪ್ರಾಮಾಣಿಕ ಕಸುಬುದಾರನ ನಷ್ಟವನ್ನು ಆಡುವವರು ಕಡಿಮೆ. ಅವನ ಒಂದು ಗುರುತಿನ ಸುತ್ತ ಇಪ್ಪತ್ತು ಸುಳ್ಳು ಗುರುತುಗಳು ಎದ್ದರೆ ಅವನ ಫೋನು ಮೂಕವಾಗುತ್ತದೆ. ಅವನ ಹೆಸರನ್ನೇ ಹೋಲುವ ಹೆಸರಿಟ್ಟುಕೊಂಡವರು ಮಾಡಿದ ಮೋಸಕ್ಕೆ ಬೈಗುಳವೂ ಅವನಿಗೇ ಬರುತ್ತದೆ.

ಸುಳ್ಳು ಅಂಗಡಿಯಷ್ಟೇ ಕೇಡು ಮಾಡುವುದು ನಿಜವಾದ ಅಂಗಡಿಯ ಮೇಲಿನ ಸುಳ್ಳು ಬರಹ. ವರ್ಜೀನಿಯಾ ಪ್ರಾಂತ್ಯದ ಗ್ರೇಟ್ ಫಾಲ್ಸ್ ಎಂಬಲ್ಲಿ ‘ಸರ್ಬಿಯನ್ ಕ್ರೌನ್’ ಎಂಬ ಊಟದ ಮನೆಯು ಸುಮಾರು 40 ವರ್ಷ ನಡೆದಿತ್ತು. ಊರಿಗೆ ದೂರವಾದುದರಿಂದ ಅದರ ಜೀವವೆಲ್ಲ ವಾರದ ಕೊನೆಯ ದಿನಗಳ ವ್ಯಾಪಾರದಲ್ಲಿತ್ತು. ಅಂಥ ದಿನಗಳಲ್ಲಿ ಗಿರಾಕಿಗಳು ಬರುವುದು ಒಮ್ಮೆಲೇ ಇಳಿದುಹೋಯಿತು. ಶನಿವಾರ, ಭಾನುವಾರ ಏಕೆ ಮುಚ್ಚಿದ್ದೀರೆಂದು ಹಳೆಯ ಗಿರಾಕಿಯೊಬ್ಬನು ಕೇಳಿದಾಗಲೇ, ನಕ್ಷೆಯಲ್ಲಿ ಹಾಗೆ ಬರೆದಿರುವುದು ಯಜಮಾನನಿಗೆ ತಿಳಿದದ್ದು. ಆ ವೃದ್ಧರ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. 2013ರಲ್ಲಿ ಆ ಮನೆಯು ಮುಚ್ಚಿತು. ಸುಳ್ಳು ಬರಹವೇ ಇದಕ್ಕೆ ಕಾರಣವೆಂದು ಯಜಮಾನರು ಗೂಗಲ್ ಸಂಸ್ಥೆಯ ಮೇಲೆ ದಾವೆ ಹೂಡಿದರು.

2014ರಲ್ಲಿ ಬ್ರಯಾನ್ ಸೀಲಿ ಎಂಬಾತನು ಮಾಡಿ ತೋರಿಸಿದ್ದು ಇನ್ನೂ ಸೋಜಿಗ. ಅಮೆರಿಕಾ ಸರಕಾರದ ಎಫ್.ಬಿ.ಐ. ಮತ್ತು ಸೀಕ್ರೆಟ್ ಸರ್ವಿಸ್ ಕಛೇರಿಗಳ ಹೆಸರಿನಲ್ಲಿಯೇ ಅವನು ನಕ್ಷೆಯಲ್ಲಿ ತನ್ನ ಸಂಖ್ಯೆಗಳನ್ನು ಸೇರಿಸಿದನು. ಜನರು ಮಾಡಿದ ಕರೆಗಳು ಅವನ ಮೂಲಕ ನಿಜವಾದ ಕಛೇರಿಗೆ ತಲುಪಿದವು. ನಡುವೆ ಅವನ ಯಂತ್ರವು ಮಾತುಗಳನ್ನು ಮುದ್ರಿಸಿಕೊಂಡಿತು. ಅನಂತರ ತಾನೇ ಹೋಗಿ ಅಧಿಕಾರಿಗಳಿಗೆ ತಿಳಿಸಿದನು. ಪೋಲೀಸರ ಮನೆಯ ಗತಿಯೇ ಹೀಗಾದರೆ ಸೈಕಲ್ ಅಂಗಡಿಯವನ ಪಾಡೇನು!

ನಮ್ಮ ದೇಶದಲ್ಲಿ ಈ ವಿದ್ಯೆಯು ಬ್ಯಾಂಕಿನ ಕಡೆ ತಿರುಗಿತು. 2018ರಲ್ಲಿ ಮಹಾರಾಷ್ಟ್ರದ ಪೋಲೀಸರ ಮುಂದೆ ಬಂದ ದೂರುಗಳ ಮೇರೆಗೆ, ಠಾಣೆಯ ಕಡೆಯ ವಂಚಕರು ನಕ್ಷೆಯಲ್ಲಿ ಬ್ಯಾಂಕ್ ಆಫ್ ಇಂಡಿಯಾದ ಶಾಖೆಗಳ ಸಂಖ್ಯೆಯನ್ನು ಅಳಿಸಿ ತಮ್ಮದನ್ನು ಬರೆದಿದ್ದರು. ಗಿರಾಕಿಯು ಬ್ಯಾಂಕೆಂದೇ ನಂಬಿ ಮಾತನಾಡಿ ಕಾರ್ಡಿನ ಗುಟ್ಟುಗಳನ್ನು ಹೇಳಿಬಿಡುವನು. ಇಲ್ಲಿ ಕಳ್ಳನು ಮನೆಗೆ ಫೋನು ಮಾಡಿದ್ದಲ್ಲ. ಮನೆಯವರೇ ಕಳ್ಳನಿಗೆ ಮಾಡಿದ್ದು. ಆದುದರಿಂದಲೇ ಸಂಶಯಕ್ಕೆ ಎಡೆಯಾಗಲಿಲ್ಲ.

ಗೂಗಲ್ ಸಂಸ್ಥೆಯವರು ಸುಮ್ಮನಿದ್ದಾರೆಂದು ಹೇಳಲಾಗದು. 2018ರಲ್ಲಿ 30 ಲಕ್ಷಕ್ಕೂ ಹೆಚ್ಚು ಸುಳ್ಳು ಅಂಗಡಿಗಳನ್ನು ತೆಗೆದುಹಾಕಿದೆವೆಂದು ಅವರೇ ಪ್ರಕಟಿಸಿದರು. 2023ರ ಲೆಕ್ಕವು 1 ಕೋಟಿ 20 ಲಕ್ಷವನ್ನು ದಾಟಿತು. ತೆಗೆದುದೇ ಇಷ್ಟಾದರೆ ಉಳಿದುದೆಷ್ಟೋ ಎಂದು ಓದುವವನಿಗೆ ತೋರದಿರದು. ಸೇರಿಸುವುದನ್ನು ಇಷ್ಟು ಸುಲಭಮಾಡಿ, ಅದೇ ಪುಟದ ಜಾಹೀರಾತಿನಿಂದ ಹಣ ಗಳಿಸುವವರು ಕಾವಲಿಗೆ ಇನ್ನೂ ಹೆಚ್ಚು ಜನರನ್ನು ಇಡಬೇಕೆಂಬುದು ನಮ್ಮ ಅಭಿಪ್ರಾಯ.

ಅಲ್ಲಿಯವರೆಗೆ ಮನೆಯಲ್ಲಿ ಮಾಡತಕ್ಕದ್ದು ಸ್ವಲ್ಪವೇ. ಬ್ಯಾಂಕಿನ ಸಂಖ್ಯೆಯನ್ನು ಪಾಸ್‌ಬುಕ್ಕಿನಿಂದಲೋ ಎ.ಟಿ.ಎಂ. ಕಾರ್ಡಿನ ಹಿಂಬದಿಯಿಂದಲೋ ನೋಡಿಕೊಳ್ಳಬೇಕು. ಗ್ಯಾಸಿನದು ಗ್ಯಾಸಿನ ಪುಸ್ತಕದಲ್ಲಿದೆ, ಫ್ರಿಜ್ಜಿನದು ಕೊಂಡಾಗ ಬಂದ ವಾರಂಟಿ ಕಾಗದದಲ್ಲಿದೆ. ಸಣ್ಣ ಅಂಗಡಿ ಇಟ್ಟಿರುವವರು, ತಮಗೆ ಬಾರದಿದ್ದರೆ ಮಕ್ಕಳ ಕೈಲಾದರೂ, ನಕ್ಷೆಯಲ್ಲಿ ತಮ್ಮ ಅಂಗಡಿ ತಮ್ಮದೆಂದು ದಾಖಲೆ ಮಾಡಿಸಿ, ತಿಂಗಳಿಗೊಮ್ಮೆ ಸಂಖ್ಯೆಯೂ ವೇಳೆಯೂ ಸರಿಯಾಗಿವೆಯೇ ಎಂದು ನೋಡಿಸಬೇಕು. ಸುಳ್ಳು ಗುರುತು ಕಂಡರೆ, ಬದಲಾವಣೆ ಸೂಚಿಸುವ ಅದೇ ಅವಕಾಶವನ್ನು ಉಪಯೋಗಿಸಿ ತಿಳಿಸಬಹುದು. ಒ.ಟಿ.ಪಿ.ಯನ್ನು ಹೇಳಿರೆಂದು ಯಾವ ಬ್ಯಾಂಕಿನವರೂ ಕೇಳುವುದಿಲ್ಲ. ಕೇಳಿದವನ ಫೋನನ್ನು ಅಲ್ಲಿಯೇ ಇಡಬೇಕು. ಹಣ ಹೋದುದು ತಿಳಿದೊಡನೆ, ನಾಚಿಕೆಯಿಂದ ಮನೆಯವರಲ್ಲಿ ಮುಚ್ಚಿಡದೆ, 1930ಕ್ಕೆ ಕರೆಮಾಡಬೇಕು; ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ದಾಟುವುದಕ್ಕೆ ಮೊದಲು ತಡೆಯುವುದು ಆಗ ಸಾಧ್ಯವಾಗಬಹುದು. ವಿದ್ಯುತ್ತಿನ 1912, ಗ್ಯಾಸು ಸೋರಿದಾಗಿನ 1906—ಇವುಗಳೊಡನೆ ಆ ಸಂಖ್ಯೆಯನ್ನೂ ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ, ಅಜ್ಜಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ, ಬರೆದಿಡಿರಿ.