ಕಾಲ್ಚೆಂಡಾಟದ ಪ್ರೇಕ್ಷಕರಲ್ಲಿ ದೊಂಬಿ ಮತ್ತು ವರ್ಣದ್ವೇಷ: ಇಂಗ್ಲೆಂಡಿನ ಅನುಭವ

ಕಾಲ್ಚೆಂಡಾಟದ ಮೈದಾನಗಳಲ್ಲಿ ಪ್ರೇಕ್ಷಕರು ಎಸಗುವ ಅಕೃತ್ಯಗಳನ್ನು ಕುರಿತು ಬರೆಯುವವರು ದೊಂಬಿಯನ್ನೂ ವರ್ಣದ್ವೇಷವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವುದು ವಾಡಿಕೆಯಾಗಿದೆ. ಕಲ್ಲೆಸೆಯುವವನೇ ಕಪ್ಪುವರ್ಣದ ಆಟಗಾರನನ್ನು ಹೀಯಾಳಿಸುವವನು, ಒಬ್ಬನನ್ನು ಹಿಡಿದರೆ ಎರಡು ಕೇಡೂ ಒಟ್ಟಿಗೆ ನಿಲ್ಲುತ್ತವೆ ಎಂಬ ಭಾವನೆ ಈ ವಾಡಿಕೆಯ ಹಿಂದಿದೆ. ಎರಡಕ್ಕೂ ನಂಟು ಇರುವುದು ನಿಜ; ಆದರೆ ಎರಡೂ ಒಂದೇ ಅಲ್ಲ. ದೊಂಬಿ ನೆರೆದ ಜನದ ನಡತೆಗೂ ಆ ಜನವನ್ನು ನಿರ್ವಹಿಸುವವರ ನಡತೆಗೂ ಸಂಬಂಧಪಟ್ಟದ್ದು. ವರ್ಣದ್ವೇಷವಾದರೋ ಅತ್ಯಂತ ಶಾಂತನಾಗಿ, ಕೊಂಡ ಟಿಕೆಟಿನ ಆಸನದಲ್ಲಿಯೇ ಕುಳಿತಿರುವ ಸದ್ಗೃಹಸ್ಥನ ಬಾಯಿಂದಲೂ ಹೊರಡಬಹುದು. ಈ ಭೇದವನ್ನು ಅರಿಯದೆ ಕೈಗೊಂಡ ಕ್ರಮಗಳಿಂದ ಏನಾಯಿತು, ಅರಿತ ಮೇಲೆ ಏನು ಸಾಧ್ಯವಾಯಿತು ಎಂಬುದನ್ನು ತಿಳಿಯಬೇಕಾದರೆ ಇಂಗ್ಲೆಂಡಿನ ಕಳೆದ ಅರ್ಧ ಶತಮಾನದ ಚರಿತ್ರೆಯನ್ನು ಪರಿಶೀಲಿಸಬೇಕು.

ಇಂಗ್ಲೆಂಡಿನಲ್ಲಿ ಪಂದ್ಯದ ದಿನದ ಹೊಡೆದಾಟವು ಹೊಸದಲ್ಲವಾದರೂ, 1960ರ ದಶಕದಿಂದ ಈಚೆಗೆ ಅದು ಸಾರ್ವಜನಿಕ ಚಿಂತೆಯ ವಿಷಯವಾಯಿತು. ಪ್ರೇಕ್ಷಕರಲ್ಲಿ ಬಹುಮಂದಿ ಆಗ ಗೋಲಿನ ಹಿಂದಣ ಮೆಟ್ಟಿಲುಗಳ ಮೇಲೆ ನಿಂತೇ ಆಟವನ್ನು ನೋಡುತ್ತಿದ್ದರು. ಅವರು ಮೈದಾನಕ್ಕೆ ಇಳಿಯದಂತೆ ಮುಂದೆ ಎತ್ತರದ ಕಬ್ಬಿಣದ ಬೇಲಿಯನ್ನೂ, ಎದುರು ಪಕ್ಷದವರೊಡನೆ ಬೆರೆಯದಂತೆ ಪಕ್ಕಗಳಲ್ಲಿ ಅಡ್ಡಗಂಬಿಗಳನ್ನೂ ಹಾಕಲಾಯಿತು. ದನಗಳನ್ನು ದೊಡ್ಡಿಗೆ ಕೂಡುವ ರೀತಿಗೂ ಇದಕ್ಕೂ ಹೆಚ್ಚಿನ ಅಂತರವಿರಲಿಲ್ಲ. 1985ರಲ್ಲಿ ಲಂಡನ್ನಿನ ಚೆಲ್ಸಿ ಕ್ಲಬ್ಬಿನ ಅಧ್ಯಕ್ಷರು ತಮ್ಮ ಮೈದಾನದ ಬೇಲಿಗೆ ವಿದ್ಯುತ್ ತಂತಿಯನ್ನೇ ಎಳೆಯಿಸಿದರು. ನಗರಾಡಳಿತವು ಅನುಮತಿ ಕೊಡದೆ ಹೋದುದರಿಂದ ಅದರಲ್ಲಿ ವಿದ್ಯುತ್ತು ಹರಿಯಲಿಲ್ಲ. ಅದೇ ವರ್ಷದ ಮೇ 11ರಂದು ಬ್ರಾಡ್‌ಫರ್ಡಿನ ಮರದ ಮಂಟಪಕ್ಕೆ ಬೆಂಕಿ ಬಿದ್ದು 56 ಮಂದಿ ಸತ್ತರು. ಹಿಂದಣ ಬಾಗಿಲುಗಳಲ್ಲಿ ಹಲವಕ್ಕೆ ಬೀಗ ಬಿದ್ದಿತ್ತು. ಮುಂದುಗಡೆ ಬೇಲಿ ಇಲ್ಲದ ಕಾರಣದಿಂದಲೇ ಉಳಿದವರು ಮೈದಾನಕ್ಕೆ ಹಾರಿ ಜೀವ ಉಳಿಸಿಕೊಂಡರು. ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ವಿವೇಕ ಆಗ ಯಾರಿಗೂ ಬರಲಿಲ್ಲ. ಏಕೆಂದರೆ ಮೇ 29ರಂದು ಬ್ರಸೆಲ್ಸ್ ನಗರದ ಹೇಸೆಲ್ ಕ್ರೀಡಾಂಗಣದಲ್ಲಿ, ಯೂರೋಪಿಯನ್ ಕಪ್ಪಿನ ಅಂತಿಮ ಪಂದ್ಯಕ್ಕೆ ಮುಂಚೆ, ಲಿವರ್‌ಪೂಲ್ ಬೆಂಬಲಿಗರು ಪಕ್ಕದ ಆವರಣದವರ ಮೇಲೆ ಏರಿಹೋದರು. ಜನ ಹಿಂದೆ ಸರಿದು ಒತ್ತರಿಸಿ, ಗೋಡೆಯೊಂದು ಕುಸಿದು, 39 ಮಂದಿ ಪ್ರಾಣ ಬಿಟ್ಟರು. ಸತ್ತವರಲ್ಲಿ ಹೆಚ್ಚಿನವರು ಇಟಲಿಯವರು. ಇಂಗ್ಲೆಂಡಿನ ಕ್ಲಬ್ಬುಗಳನ್ನು ಯೂರೋಪಿನ ಪಂದ್ಯಾವಳಿಗಳಿಂದ ಐದು ವರ್ಷ ಹೊರಗಿಡಲಾಯಿತು. ಪ್ರೇಕ್ಷಕನೆಂದರೆ ಅಪರಾಧಿ ಎಂಬ ಮನೋಭಾವವು ಬೇರೂರಿತು. ಪ್ರತಿಯೊಬ್ಬ ಪ್ರೇಕ್ಷಕನೂ ಗುರುತಿನ ಚೀಟಿಯನ್ನು ಪಡೆಯತಕ್ಕದ್ದೆಂಬ ಯೋಜನೆಯನ್ನು ಸರ್ಕಾರವು ಸಿದ್ಧಪಡಿಸಿತು.

ಈ ಮನೋಭಾವದ ಫಲವು 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ಕಂಡುಬಂದಿತು. ಹೊರಗೆ ಜನ ದಟ್ಟೈಸಿದ್ದರಿಂದ ಪೊಲೀಸರು ದೊಡ್ಡ ಬಾಗಿಲೊಂದನ್ನು ತೆರೆಯಿಸಿದರು. ಆದರೆ ಒಳಗೆ ಆಗಲೇ ತುಂಬಿಹೋಗಿದ್ದ ನಡುವಣ ಎರಡು ಆವರಣಗಳ ದಾರಿಯನ್ನು ಮುಚ್ಚಿಸಲಿಲ್ಲ. ಬೇಲಿಗೆ ಒತ್ತಿಹೋದ ಜನ ಮೇಲಕ್ಕೆ ಹತ್ತಲು ಹವಣಿಸಿದಾಗ, ಮೈದಾನಕ್ಕೆ ನುಗ್ಗುವ ದೊಂಬಿಯೆಂದೇ ಅದನ್ನು ಮೊದಲು ಬಗೆಯಲಾಯಿತು. ಅಂದು ಆದ ಗಾಯಗಳಿಂದ ಒಟ್ಟು 97 ಮಂದಿ ತೀರಿಕೊಂಡಿದ್ದಾರೆ. ಕೊನೆಯವರು ತೀರಿಕೊಂಡದ್ದು 2021ರಲ್ಲಿ. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅವರು ದುರಂತದ ಮುಖ್ಯ ಕಾರಣ ಪೊಲೀಸ್ ನಿಯಂತ್ರಣದ ವೈಫಲ್ಯವೆಂದು ನಾಲ್ಕೇ ತಿಂಗಳಲ್ಲಿ ಹೇಳಿದರು. ಆದರೂ ಕುಡಿದು ನುಗ್ಗಿದ ಬೆಂಬಲಿಗರದೇ ತಪ್ಪೆಂಬ ಅಪವಾದವು ಸತ್ತವರ ಮನೆಯವರನ್ನು ಬಹುಕಾಲ ಕಾಡಿತು. ಬೆಂಬಲಿಗರ ನಡತೆ ದುರಂತಕ್ಕೆ ಕಾರಣವಲ್ಲವೆಂದೂ, ಸತ್ತವರು ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರೆಂದೂ ಮರಣವಿಚಾರಣೆಯ ಪಂಚರು ತೀರ್ಪಿತ್ತುದು 2016ರಲ್ಲಿ, 27 ವರ್ಷಗಳ ತರುವಾಯ. ಟೇಲರ್ ಅವರ 1990ರ ವರದಿಯಂತೆ ಬೇಲಿಗಳು ಕಳಚಲ್ಪಟ್ಟವು, ಮೇಲಣ ಶ್ರೇಣಿಗಳ ಮೈದಾನಗಳಲ್ಲಿ ಎಲ್ಲರಿಗೂ ಆಸನಗಳು ಬಂದವು, ಗುರುತಿನ ಚೀಟಿಯ ಯೋಜನೆ ಕೈಬಿಟ್ಟಿತು. ದೊಂಬಿಯನ್ನು ಅಡಗಿಸಲೆಂದು ಹಾಕಿದ ಬೇಲಿಯಿಂದಲೇ ಇಷ್ಟು ಜನ ಸತ್ತರೆಂಬುದನ್ನು ಈ ವಿಷಯವನ್ನು ಅಭ್ಯಾಸ ಮಾಡುವವರು ಮರೆಯತಕ್ಕದ್ದಲ್ಲ.

ಈ ಬೇಲಿಗಳು ನಿಂತಿದ್ದಷ್ಟು ಕಾಲವೂ ಅವುಗಳ ಹಿಂದಿನಿಂದ ಮತ್ತೊಂದು ಕೇಡು ಅಡ್ಡಿಯಿಲ್ಲದೆ ಹೊರಬರುತ್ತಿತ್ತು. ಮಾತಿಗೆ ಬೇಲಿ ಎಲ್ಲಿಯದು? ಆಫ್ರಿಕದ ಆಕ್ರಾದಲ್ಲಿ 1865ರಲ್ಲಿ ಜನಿಸಿದ ಆರ್ಥರ್ ವಾರ್ಟನ್ 19ನೆಯ ಶತಮಾನದಲ್ಲಿಯೇ ಇಂಗ್ಲೆಂಡಿನಲ್ಲಿ ವೃತ್ತಿ ಆಟಗಾರನಾಗಿದ್ದನು. ಆದರೆ ಕಪ್ಪುವರ್ಣದ ಆಟಗಾರರು ಗಣನೀಯ ಸಂಖ್ಯೆಯಲ್ಲಿ ಕಾಣಿಸಿಕೊಂಡುದು 1970ರ ದಶಕದಲ್ಲಿ. 1978ರಲ್ಲಿ ವಿವ್ ಆಂಡರ್ಸನ್ ಇಂಗ್ಲೆಂಡಿನ ಪ್ರಧಾನ ತಂಡದಲ್ಲಿ ಆಡಿದ ಮೊದಲ ಕಪ್ಪುವರ್ಣೀಯನಾದನು. ಅವರ ಕಾಲಿಗೆ ಚೆಂಡು ಬಂದೊಡನೆ ಸಾವಿರಾರು ಜನ ಕೋತಿಯ ಕೂಗು ಹಾಕುವುದು, ಬಾಳೆಹಣ್ಣು ಎಸೆಯುವುದು ಆಗಿನ ದಿನಗಳಲ್ಲಿ ಮಾಮೂಲಾಗಿತ್ತು. ಸಿರಿಲ್ ರೀಜಿಸ್ 1982ರಲ್ಲಿ ರಾಷ್ಟ್ರತಂಡಕ್ಕೆ ಆಯ್ಕೆಯಾದಾಗ ಅವನಿಗೆ ಅಂಚೆಯಲ್ಲಿ ಬಂದೂಕಿನ ಗುಂಡೊಂದು ಬಂದಿತು. 1984ರ ಜೂನ್ ತಿಂಗಳಲ್ಲಿ ರಿಯೊ ನಗರದ ಮರಕಾನಾ ಮೈದಾನದಲ್ಲಿ ಜಾನ್ ಬಾರ್ನ್ಸ್ ಬ್ರಜಿಲಿನವರ ವಿರುದ್ಧ ಗಳಿಸಿದ ಗೋಲು ಇಂಗ್ಲೆಂಡಿನ ಅತ್ಯುತ್ತಮ ಗೋಲುಗಳಲ್ಲಿ ಒಂದೆಂದು ಇಂದಿಗೂ ಎಣಿಸಲ್ಪಡುತ್ತದೆ. ಇಂಗ್ಲೆಂಡು 2-0 ಅಂತರದಿಂದ ಗೆದ್ದಿತು. ಆದರೆ ಆ ಪ್ರವಾಸದಲ್ಲಿ ತಂಡದೊಡನೆ ಒಂದೇ ವಿಮಾನದಲ್ಲಿದ್ದ ನ್ಯಾಷನಲ್ ಫ್ರಂಟ್ ಪಕ್ಷದ ಕೆಲವರು, ಗೆಲುವು 1-0 ಮಾತ್ರ, ಕಪ್ಪುವರ್ಣದವನ ಗೋಲು ಲೆಕ್ಕಕ್ಕಿಲ್ಲವೆಂದು ಸಾರಿದರು. ಗೋಲು ಹೊಡೆದವನು ಅದೇ ವಿಮಾನದಲ್ಲಿ ಕುಳಿತಿದ್ದನು.

ಕ್ಲಬ್ಬುಗಳ ಅಧಿಕಾರಿಗಳು ಬಹುಕಾಲ ಇದನ್ನು ಕೇಳಿಯೂ ಕೇಳದವರಂತೆ ಇದ್ದರು. ಮೊದಲು ಎದ್ದು ನಿಂತವರು ಬೆಂಬಲಿಗರೇ. ಲೀಡ್ಸ್ ನಗರದಲ್ಲಿ ನ್ಯಾಷನಲ್ ಫ್ರಂಟಿನವರು ಮೈದಾನದ ಬಾಗಿಲಲ್ಲಿಯೇ ತಮ್ಮ ಪತ್ರಿಕೆಯನ್ನು ಮಾರುತ್ತಿದ್ದರು. 1980ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ಕೆಲವು ಬೆಂಬಲಿಗರು, ಕಾರ್ಮಿಕ ಸಂಘಗಳ ಒಕ್ಕೂಟದ ನೆರವಿನಿಂದ, ಅದೇ ಬಾಗಿಲಲ್ಲಿ ತಮ್ಮದೊಂದು ಪತ್ರಿಕೆಯನ್ನು ಹಂಚಲು ತೊಡಗಿದರು. ಹೊರಗಿನ ಉಪದೇಶಕ್ಕೆ ಕಿವಿಗೊಡದ ಜನ ತಮ್ಮವನೇ ಆದ ಲೀಡ್ಸ್ ಬೆಂಬಲಿಗನು ಆಡಿದ ಮಾತನ್ನು ಸುಲಭವಾಗಿ ತಳ್ಳಿಹಾಕಲಾರರಷ್ಟೆ. 1993ರಲ್ಲಿ ವರ್ಣಸಮಾನತೆಯ ಆಯೋಗವೂ ವೃತ್ತಿ ಆಟಗಾರರ ಸಂಘವೂ ಕೂಡಿ ಆರಂಭಿಸಿದ ಚಳವಳಿಯು ಮುಂದೆ ಕಿಕ್ ಇಟ್ ಔಟ್ ಎಂಬ ಸಂಸ್ಥೆಯಾಯಿತು. ಅದರ ಸೇವೆ ಅಲ್ಪವಲ್ಲ. ಆದರೂ ಘೋಷಣೆಯನ್ನು ಅಚ್ಚೊತ್ತಿದ ಅಂಗಿ ತೊಡುವುದರಲ್ಲಿ ಎಷ್ಟು ಫಲವಿದೆಯೆಂಬ ಸಂಶಯ ಆಟಗಾರರಿಗೇ ಬಂದುದುಂಟು. 2012ರ ಅಕ್ಟೋಬರಿನಲ್ಲಿ ಹಲವು ಕಪ್ಪುವರ್ಣದ ಆಟಗಾರರು ಆ ಅಂಗಿಯನ್ನು ಧರಿಸಲು ನಿರಾಕರಿಸಿದರು.

ಶಾಸನದ ಕಡೆಗೆ ತಿರುಗಿದರೆ, 1991ರ ಕಾಲ್ಚೆಂಡಾಟದ ಅಪರಾಧಗಳ ಕಾಯಿದೆ ಒಂದು ಮೈಲಿಗಲ್ಲು. ವಸ್ತುಗಳನ್ನು ಎಸೆಯುವುದು, ಅಪ್ಪಣೆಯಿಲ್ಲದೆ ಆಟದ ಅಂಗಳಕ್ಕೆ ಇಳಿಯುವುದು, ಅಶ್ಲೀಲವಾದ ಅಥವಾ ಜನಾಂಗನಿಂದಕವಾದ ಘೋಷ ಮಾಡುವುದು, ಈ ಮೂರನ್ನು ಅದು ಅಪರಾಧಗಳೆಂದು ವಿಧಿಸಿತು. ಮೂರನೆಯದರ ನಿರೂಪಣೆಯಲ್ಲಿ ಒಂದು ಸ್ವಾರಸ್ಯವಿದೆ. ಘೋಷವೆಂದರೆ ಇತರ ಒಬ್ಬರು ಅಥವಾ ಹೆಚ್ಚು ಮಂದಿಯೊಡನೆ ಕೂಡಿ ಪುನಃ ಪುನಃ ಮಾಡುವ ಉಚ್ಚಾರಣೆ ಎಂದು ಕಾಯಿದೆ ಹೇಳಿತು. ಎಂದಮೇಲೆ ಒಬ್ಬನೇ ನಿಂತು ಪಂದ್ಯದುದ್ದಕ್ಕೂ ಬೈದರೆ ಅದು ಈ ಕಾಯಿದೆಯ ಪ್ರಕಾರ ಘೋಷವಾಗದು! ವರ್ಣದ್ವೇಷವೆಂಬುದು ಗುಂಪಿನ ಕೆಲಸ, ದೊಂಬಿಯ ಒಂದು ಶಾಖೆ, ಎಂಬ ಹಳೆಯ ಕಲ್ಪನೆಯೇ ಶಾಸನದ ಮಾತಿನೊಳಗೆ ಸೇರಿಕೊಂಡಿತ್ತು. ಒಬ್ಬಂಟಿಯಾಗಿ ಆಗಲಿ ಇತರರೊಡನೆ ಆಗಲಿ ಎಂದು ತಿದ್ದಲು ಎಂಟು ವರ್ಷಗಳು ಹಿಡಿದವು. ತಿದ್ದುಪಡಿ ಬಂದುದು 1999ರಲ್ಲಿ.

ಆ ಕಾಯಿದೆಯಡಿಯ ಇನ್ನೊಂದು ಮೊಕದ್ದಮೆ ನಮಗೆ ಹತ್ತಿರವಾದದ್ದು. ಪೋರ್ಟ್ ವೇಲ್ ತಂಡದ ಬೆಂಬಲಿಗರು ಓಲ್ಡಮ್ ಪಟ್ಟಣದಿಂದ ಬಂದವರನ್ನು ಕುರಿತು, ನಿಮ್ಮದು ಪಾಕಿಗಳಿಂದ ತುಂಬಿದ ಊರೆಂದು ಹಾಡಿದರು. ಕೆಳಗಿನ ನ್ಯಾಯಾಲಯವು ಇದೊಂದು ಹುಡುಗಾಟದ ಪದ್ಯವೆಂದು ಬಗೆದು ಆರೋಪಿಯನ್ನು ಬಿಟ್ಟಿತು. 2003ರಲ್ಲಿ ಉಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿ, ಆ ಪದವು ಕೇವಲ ಒಂದು ದೇಶನಾಮದ ಸಂಕ್ಷೇಪವಲ್ಲ, ಜನಾಂಗನಿಂದೆಯ ಪದ ಎಂದು ನಿರ್ಣಯಿಸಿತು. ಇಂಗ್ಲೆಂಡಿನ ಬೀದಿಗಳಲ್ಲಿ ಈ ಪದವನ್ನು ಎಸೆಯುವವನು ಎದುರಿಗಿರುವವನು ಲಾಹೋರಿನವನೋ ಸಿಲ್ಹೆಟ್ಟಿನವನೋ ಬೆಂಗಳೂರಿನವನೋ ಎಂದು ವಿಚಾರಿಸಿ ಎಸೆಯುವುದಿಲ್ಲ. ಆದುದರಿಂದ ಈ ತೀರ್ಪು ಅಲ್ಲಿ ನೆಲಸಿದ ಕನ್ನಡಿಗರಿಗೂ ಸಂಬಂಧಿಸಿದ್ದು.

ದೊಂಬಿಯನ್ನು ಕುರಿತ ಶಾಸನಗಳಲ್ಲಿ ಪ್ರಬಲವಾದುದು ನಿಷೇಧಾಜ್ಞೆ. ನ್ಯಾಯಾಲಯವು ಇಂಥವನು ಇಷ್ಟು ವರ್ಷ ಪಂದ್ಯಗಳಿಗೆ ಹೋಗಕೂಡದೆಂದು ಆಜ್ಞಾಪಿಸಬಹುದು. ವಿದೇಶದ ಪಂದ್ಯಗಳ ಸಮಯದಲ್ಲಿ ಅವನ ಪಾಸ್‌ಪೋರ್ಟನ್ನು ಪೊಲೀಸರ ವಶಕ್ಕೆ ಒಪ್ಪಿಸುವಂತೆ ವಿಧಿಸಬಹುದು. 2000ದ ಯೂರೋಪಿಯನ್ ಪಂದ್ಯಾವಳಿಯಲ್ಲಿ ಇಂಗ್ಲೆಂಡಿನವರು ಬೆಲ್ಜಿಯಮ್ಮಿನಲ್ಲಿ ಎಬ್ಬಿಸಿದ ಗಲಭೆಯ ಬಳಿಕ ಅವಸರದಿಂದ ಅಂಗೀಕೃತವಾದ ಕಾಯಿದೆಯು ಯಾವ ಅಪರಾಧವೂ ರುಜುವಾತಾಗದವನ ಮೇಲೂ, ಪೊಲೀಸರ ದೂರಿನಿಂದ, ಈ ಆಜ್ಞೆಯನ್ನು ಹೊರಡಿಸಲು ಅವಕಾಶ ಕೊಟ್ಟಿತು. ವ್ಯಕ್ತಿಸ್ವಾತಂತ್ರ್ಯವನ್ನು ಬಲ್ಲವರು ಇದಕ್ಕೆ ಆಕ್ಷೇಪಿಸಿದುದು ಸಹಜವೇ. 2002ರಲ್ಲಿ ಅಪೀಲು ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ ಬೇಕಾಗುವ ಸಾಕ್ಷ್ಯದ ಮಟ್ಟವು ಕಾರ್ಯತಃ ಕ್ರಿಮಿನಲ್ ಮೊಕದ್ದಮೆಯ ಮಟ್ಟಕ್ಕೆ ಕಡಮೆಯಾಗಕೂಡದೆಂದು ಕಟ್ಟುಮಾಡಿತು. ನನ್ನ ದೃಷ್ಟಿಯಲ್ಲಿ ಈ ಕಟ್ಟು ಇಲ್ಲದಿದ್ದರೆ ನಿಷೇಧಾಜ್ಞೆಯು ಹಳೆಯ ಬೇಲಿಯ ಇನ್ನೊಂದು ರೂಪವೇ ಆಗುತ್ತಿತ್ತು. ಬೇಲಿಯು ಎಲ್ಲರನ್ನೂ ಕೂಡಿಹಾಕುತ್ತದೆ. ಆಜ್ಞೆಯಾದರೋ ಹೆಸರು ಹಿಡಿದು ಒಬ್ಬನನ್ನು ಹೊರಗಿಡುತ್ತದೆ.

ವಿದ್ವಾಂಸರ ಅಭಿಪ್ರಾಯಗಳು ಒಂದೇ ತೆರನಾಗಿಲ್ಲ. ಎರಿಕ್ ಡನಿಂಗ್ ಮೊದಲಾದ ಲೆಸ್ಟರ್ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರಜ್ಞರು, ಕಾರ್ಮಿಕ ವರ್ಗದ ಕೆಳಸ್ತರಗಳಲ್ಲಿ ಬೆಳೆದುಬಂದ ಉಗ್ರ ಪೌರುಷದ ಕಲ್ಪನೆಯಲ್ಲಿ ದೊಂಬಿಯ ಮೂಲವನ್ನು ಕಂಡರು. ಸ್ಟೀಫನ್ ರೈಕರ್, ಕ್ಲಿಫರ್ಡ್ ಸ್ಟಾಟ್ ಎಂಬ ಮನಶ್ಶಾಸ್ತ್ರಜ್ಞರು ಬೇರೆ ಹಾದಿ ಹಿಡಿದರು. ಪೊಲೀಸರು ಎಲ್ಲರನ್ನೂ ಒಂದೇ ಬಗೆಯಾಗಿ ಕಂಡು ಲಾಠಿ ಬೀಸಿದಾಗ, ಅದುವರೆಗೆ ಪುಂಡರಿಂದ ದೂರವಿದ್ದವರೂ ಅವರೊಡನೆ ಒಂದಾಗುತ್ತಾರೆ ಎಂಬುದು ಇವರ ವಾದ. ಈ ವಾದಕ್ಕೆ 2004ರಲ್ಲಿ ಪೋರ್ಚುಗಲ್ ದೇಶದಲ್ಲಿ ಒಂದು ಬಗೆಯ ಪರೀಕ್ಷೆ ನಡೆಯಿತು. ಪಂದ್ಯಗಳು ನಡೆದ ನಗರಗಳ ಪೊಲೀಸರು ಇವರ ಸಲಹೆಯಂತೆ ಸಾಮಾನ್ಯ ಉಡುಪಿನಲ್ಲಿ ಇಬ್ಬಿಬ್ಬರಾಗಿ ಬೆಂಬಲಿಗರ ನಡುವೆ ಓಡಾಡಿ, ಮಾತಾಡಿ, ಗಲಭೆ ನಿಗ್ರಹದ ದಳವನ್ನು ಕಣ್ಮರೆಯಲ್ಲಿಟ್ಟರು; ಅಲ್ಲಿ ಇಂಗ್ಲೆಂಡಿನ ಬೆಂಬಲಿಗರಿಂದ ದೊಡ್ಡ ಗಲಭೆಗಳಾಗಲಿಲ್ಲ. ಈ ಪದ್ಧತಿಯನ್ನು ಅನುಸರಿಸದ ಇನ್ನೊಂದು ಪೊಲೀಸ್ ಪಡೆಯ ಸರಹದ್ದಿಗೆ ಸೇರಿದ ಆಲ್ಬುಫೇರ ಎಂಬ ಕಡಲತಡಿಯ ಊರಿನಲ್ಲಿ ಆದವು.

ಆದರೆ ದೊಂಬಿ ಇಳಿದ ಮಾತ್ರಕ್ಕೆ ವರ್ಣದ್ವೇಷ ಇಳಿಯಿತೆನ್ನಲಾಗದು. ಲೆಸ್ ಬ್ಯಾಕ್, ಟಿಮ್ ಕ್ರಾಬ್, ಜಾನ್ ಸೋಲೊಮೋಸ್ ಎಂಬ ಮೂವರು 2001ರ ತಮ್ಮ ಗ್ರಂಥದಲ್ಲಿ, ವರ್ಣದ್ವೇಷಿಯೂ ಪುಂಡನೂ ಅವಳಿಗಳೆಂಬ ರೂಢಿಯ ಚಿತ್ರವನ್ನು ಖಂಡಿಸಿದರು. ಕ್ಷೌರದ ತಲೆಯ, ದೊಡ್ಡ ಬೂಟಿನ ಪುಂಡನನ್ನು ಎದುರಿಗೆ ನಿಲ್ಲಿಸಿಕೊಂಡರೆ, ತನ್ನ ತಂಡದ ಕಪ್ಪುವರ್ಣೀಯನಿಗೆ ಚಪ್ಪಾಳೆ ತಟ್ಟಿ ಎದುರು ತಂಡದವನನ್ನು ಬಣ್ಣ ಹಿಡಿದು ಬೈಯುವ ಸಾಮಾನ್ಯ ಪ್ರೇಕ್ಷಕನೂ, ಕ್ಲಬ್ಬಿನ ಕಚೇರಿಯಲ್ಲಿ ಕುಳಿತಿರುವವನೂ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಯೂರೋಪಿನ ಆಡಳಿತ ಮಂಡಳಿಯು ಮಾತ್ರ ಸಮೂಹದಂಡನೆಯನ್ನು ಇನ್ನೂ ನೆಚ್ಚಿಕೊಂಡಿದೆ. ವರ್ಣದ್ವೇಷದ ಕೂಗೆದ್ದರೆ ಆಟವನ್ನು ನಿಲ್ಲಿಸಿ ಎಚ್ಚರಿಸುವುದು, ಮತ್ತೆ ಎದ್ದರೆ ತಂಡಗಳನ್ನು ಹೊರಗೆ ಕರೆದೊಯ್ಯುವುದು, ಮೂರನೆಯ ಸಲ ಪಂದ್ಯವನ್ನೇ ಕೈಬಿಡುವುದು ಎಂಬ ಕ್ರಮವನ್ನು ಅದು 2009ರಲ್ಲಿ ಗೊತ್ತುಪಡಿಸಿತು. 2019ರ ಅಕ್ಟೋಬರ್ 14ರಂದು ಸೋಫಿಯ ನಗರದಲ್ಲಿ ಬಲ್ಗೇರಿಯ ಮತ್ತು ಇಂಗ್ಲೆಂಡ್ ತಂಡಗಳ ಪಂದ್ಯವು ಹೀಗೆ ಎರಡು ಸಲ ನಿಂತಿತು. ಇದು ಯೋಗ್ಯವಾದ ಕ್ರಮವೇ. ಆದರೆ ಖಾಲಿ ಮೈದಾನದಲ್ಲಿ ಆಡಿಸುವ ಶಿಕ್ಷೆಯ ವಿಷಯ ಬೇರೆ. ಹಂಗೆರಿಯವರಿಗೆ ಈ ಶಿಕ್ಷೆ ಬಿದ್ದಿದ್ದಾಗ, ಮಕ್ಕಳನ್ನು ಬಿಡಬಹುದೆಂಬ ನಿಯಮದ ಆಧಾರದ ಮೇಲೆ, 2022ರ ಜೂನ್ 4ರಂದು ಬುಡಾಪೆಸ್ಟಿನ ಮೈದಾನಕ್ಕೆ ಸುಮಾರು 30,000 ಮಂದಿಯನ್ನು, ಬಹುತೇಕ ಮಕ್ಕಳನ್ನು, ಸೇರಿಸಲಾಯಿತು. ವರ್ಣದ್ವೇಷವನ್ನು ಪ್ರತಿಭಟಿಸಲು ಇಂಗ್ಲೆಂಡಿನ ಆಟಗಾರರು ಮಂಡಿಯೂರಿದಾಗ ಮೈದಾನದಿಂದ ಎದ್ದುದು ಛೀಮಾರಿಯ ಕೂಗು!

ಎರಡು ಕೇಡುಗಳೂ ಒಂದೇ ರಾತ್ರಿಯಲ್ಲಿ, ಆದರೆ ಬೇರೆ ಬೇರೆಯಾಗಿ, ಕಾಣಿಸಿಕೊಂಡುದು 2021ರ ಜುಲೈ 11ರಂದು. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಟಲಿಯೊಡನೆ ಅಂತಿಮ ಪಂದ್ಯವಿತ್ತು. ಟಿಕೆಟಿಲ್ಲದ ಸುಮಾರು 2,000 ಮಂದಿ ಬಾಗಿಲುಗಳಲ್ಲಿ ನುಗ್ಗಿ ಒಳಹೊಕ್ಕರು. ಪ್ರಾಣಹಾನಿಯಾಗದೆ ಉಳಿದುದು ಅದೃಷ್ಟವೆಂಬ ಅರ್ಥದ ಮಾತು ತನಿಖೆಯ ವರದಿಯಲ್ಲಿದೆ. ಪೆನಾಲ್ಟಿ ಹೊಡೆತಗಳಲ್ಲಿ ತಪ್ಪಿದ ರ‍್ಯಾಶ್‌ಫರ್ಡ್, ಸಾಂಚೊ, ಸಾಕಾ ಎಂಬ ಮೂವರು ಕಪ್ಪುವರ್ಣದ ತರುಣರ ಮೇಲೆ ಆಟ ಮುಗಿದ ಕೂಡಲೇ ಸಾಮಾಜಿಕ ಜಾಲತಾಣಗಳಲ್ಲಿ ನಿಂದೆಯ ಮಳೆ ಸುರಿಯಿತು. ಮೊದಲನೆಯದು ಬಾಗಿಲು, ಕಾವಲು, ಜನನಿರ್ವಹಣೆಗಳ ಪ್ರಶ್ನೆ. ಎರಡನೆಯದನ್ನು ಎಸಗಲು ಯಾರೂ ಮೈದಾನಕ್ಕೆ ಹೋಗಬೇಕಾಗಿರಲಿಲ್ಲ. ಮನೆಯಲ್ಲಿ ಕುಳಿತು ಕೈಯಲ್ಲಿ ದೂರವಾಣಿ ಹಿಡಿದರೆ ಸಾಕಾಗಿತ್ತು. ಇಂಥವರೆಲ್ಲ ಸುಳ್ಳು ಹೆಸರಿನ ಅನಾಮಿಕರು, ಹೊರದೇಶದವರು ಎಂದು ಹಲವರು ಊಹಿಸಿದರು. ಆದರೆ ತಾನು ಅಮಾನತ್ತಿನಲ್ಲಿಟ್ಟ ಖಾತೆಗಳ ಪೈಕಿ ಶೇಕಡ 99ರ ಒಡೆಯರು ಗುರುತು ಸಿಕ್ಕುವವರೇ ಎಂದೂ, ನಿಂದೆಯ ಬಹುಭಾಗ ಹೊರಟದ್ದು ಬ್ರಿಟನ್ನಿನಿಂದಲೇ ಎಂದೂ ಟ್ವಿಟರ್ ಸಂಸ್ಥೆ ತಿಳಿಸಿತು. 2022ರಲ್ಲಿ ಪಾರ್ಲಿಮೆಂಟು ಕಾನೂನನ್ನು ವಿಸ್ತರಿಸಿತು. ಆಟಕ್ಕೆ ಸಂಬಂಧಿಸಿ ಜಾಲತಾಣದಲ್ಲಿ ಜನಾಂಗನಿಂದೆ ಮಾಡಿ ಶಿಕ್ಷಿತನಾದವನ ಮೇಲೂ, ಅವನು ಎಂದೂ ಮೈದಾನದ ಬಾಗಿಲನ್ನು ದಾಟಿರದಿದ್ದರೂ, ಈಗ ನಿಷೇಧಾಜ್ಞೆಯನ್ನು ಹೊರಡಿಸಬಹುದಾಗಿದೆ.