ಕೊಯ್ದದ್ದು ಲಿವರ್, ಪೆಟ್ಟು ಬಿದ್ದದ್ದು ಕಿಡ್ನಿಗೆ!

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಲಿವರ್ ಆಪರೇಷನ್ ಮಾಡಿಸಿಕೊಂಡು ಊರಿಗೆ ಬಂದವರನ್ನು ಕಂಡವರೆಲ್ಲ ಕೇಳುವುದು ಒಂದೇ ಮಾತು: “ಏನ್ ಸಾಹುಕಾರ್ರೆ, ಲಿವರ್ ಈಗ ಹೇಗಿದೆ?” ಕಿಡ್ನಿ ಹೇಗಿದೆ ಅಂತ ಯಾರೂ ಕೇಳೋದಿಲ್ಲ. ಮತ್ತೆ ಗಲ್ಲಾದಲ್ಲಿ ಕೂತ ಸಾಹುಕಾರರಿಗೂ ಅದು ಹೊಳೆಯೋದಿಲ್ಲ. ಕೇಳಬೇಕಾದ್ದು ಮಾತ್ರ ಅದನ್ನೇ.

ಲಿವರ್‌ಗೂ ಕಿಡ್ನಿಗೂ ಏನ್ರೀ ಸಂಬಂಧ ಅಂತೀರಾ? ರಕ್ತ ಸಂಬಂಧ! ಹೃದಯ ತಳ್ಳುವ ರಕ್ತದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಎರಡು ಕಿಡ್ನಿಗೇ ಬೇಕು. ಲಿವರ್ ಅನ್ನೋದು ರಕ್ತ ತುಂಬಿದ ಸ್ಪಂಜು ಇದ್ದ ಹಾಗೆ. ಗಡ್ಡೆ ಇದೆಯೆಂದು ಅದರ ಒಂದು ಭಾಗ ಕೊಯ್ಯುವಾಗ ರಕ್ತ ಹರಿದುಹೋಗದಿರಲೆಂದು ಡಾಕ್ಟರುಗಳು ಅದಕ್ಕೆ ಬರುವ ರಕ್ತನಾಳಗಳನ್ನು ಆಗಾಗ ಸ್ವಲ್ಪ ಹೊತ್ತು ಬಿಗಿಹಿಡಿಯುತ್ತಾರೆ. 1908ರಲ್ಲಿ ಗ್ಲಾಸ್ಗೋದ ಪ್ರಿಂಗಲ್ ಎಂಬ ಸರ್ಜನ್ ತಿಳಿಸಿದ ಉಪಾಯ ಇದು, ಇವತ್ತಿಗೂ ನಡೀತಿದೆ. ಕೊಯ್ಯುವಷ್ಟು ಹೊತ್ತು ಡ್ರಿಪ್ಪನ್ನೂ ಕಡಿಮೆ ಹಾಕುವುದುಂಟು. ಇದು ತಪ್ಪಲ್ಲ, ಜೀವ ಉಳಿಸುವ ಜಾಣತನ. ಆದರೆ ರಕ್ತ ಜಾಸ್ತಿ ಹೋಗಿ ಬಿಪಿ ಇಳಿದರೆ, ಆಮೇಲೆ ನಂಜು ಏರಿದರೆ, ಕಿಡ್ನಿಗೆ ಬರಗಾಲ ಬಂತೆಂದೇ ಲೆಕ್ಕ. ಸಿರೋಸಿಸ್ ಆಗಿ ಲಿವರ್ ಗಟ್ಟಿಯಾದವರಲ್ಲಿ ಕಿಡ್ನಿಯ ರಕ್ತನಾಳಗಳು ಮೊದಲೇ ಮುದುಡಿರುತ್ತವೆ. ಅವರಿಗೆ ಅಪಾಯ ಇನ್ನೂ ಹೆಚ್ಚು.

60 ಕಿಲೋ ತೂಕದವರಿಗೆ ಆರು ಗಂಟೆ ಕಾಲ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆ ಮೂತ್ರ ಬಂದರೆ, ಇಲ್ಲವೇ ರಕ್ತದ ಕ್ರಿಯಾಟಿನಿನ್ ಲೆಕ್ಕ 48 ಗಂಟೆಯೊಳಗೆ 0.3 ಏರಿದರೆ, ಕಿಡ್ನಿಗೆ ಪೆಟ್ಟು ಬಿದ್ದಿದೆ ಎನ್ನುತ್ತಾರೆ ವೈದ್ಯರು. ಎಷ್ಟೋ ಜನರಿಗೆ ಕೆಲವೇ ದಿನಗಳಲ್ಲಿ ಲೆಕ್ಕ ಇಳಿಯುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ನಾರ್ಮಲ್’ ಅಂತ ಬೀಳುತ್ತದೆ.

ಮೋಸ ಹೋಗೋದು ಅಲ್ಲೇ! ಕಿಡ್ನಿ ಚೇತರಿಸಿಕೊಂಡಂತೆ ಕಂಡರೂ ಒಳಗೆ ಗಾಯದ ಕಲೆ ಉಳಿಯಬಹುದು. ವರ್ಷಗಳ ಮೇಲೆ ಶಾಶ್ವತ ಕಿಡ್ನಿ ಕಾಯಿಲೆ ಬರುವ ಸಂಭವ ಇಂಥವರಿಗೆ ಹೆಚ್ಚು. ಇನ್ನೊಂದು ವಿಷಯ. ಕ್ರಿಯಾಟಿನಿನ್ ಹುಟ್ಟೋದು ಮಾಂಸಖಂಡದಿಂದ. ಲಿವರ್ ಕಾಯಿಲೆಯಿಂದ ಸೊರಗಿದ ಮೈಯಲ್ಲಿ ಖಂಡವೇ ಇಲ್ಲದಿದ್ದರೆ, ಕಿಡ್ನಿ ಕೆಟ್ಟಿದ್ದರೂ ಲೆಕ್ಕ ಚೆನ್ನಾಗಿಯೇ ಕಾಣಬಹುದು. ತೂಕದ ಬಟ್ಟೇ ಸವೆದಿದ್ದರೆ ತಕ್ಕಡಿ ಹೇಳಿದ್ದನ್ನು ಯಾವ ವ್ಯಾಪಾರಿ ನಂಬುತ್ತಾನೆ?

ಬದಲಿ ಲಿವರ್ ಹಾಕಿಸಿಕೊಂಡವರ ಪಾಡು ಇನ್ನೂ ಇಕ್ಕಟ್ಟಿನದು. ಮೈ ಹೊಸ ಲಿವರನ್ನು ತಿರಸ್ಕರಿಸದಿರಲು ಟ್ಯಾಕ್ರೊಲಿಮಸ್ ಅಥವಾ ಸೈಕ್ಲೊಸ್ಪೋರಿನ್ ಮಾತ್ರೆ ವರ್ಷಗಟ್ಟಲೆ ನುಂಗಬೇಕು. ಈ ಮಾತ್ರೆಗಳೇ ಕಿಡ್ನಿಯ ರಕ್ತನಾಳಗಳನ್ನು ಹಿಂಡುತ್ತವೆ. ಬಿಟ್ಟರೆ ಲಿವರ್‌ಗೆ ಸಂಚಕಾರ, ನುಂಗಿದರೆ ಕಿಡ್ನಿಗೆ ಕಷ್ಟ. ಅಮೆರಿಕದ ರೋಗಿಗಳ ಲೆಕ್ಕ ಹಿಡಿದು 2003ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಬದಲಿ ಲಿವರ್ ಪಡೆದ ನೂರು ಜನರಲ್ಲಿ ಸುಮಾರು 18 ಮಂದಿಯ ಕಿಡ್ನಿ ಐದು ವರ್ಷದೊಳಗೆ ತೀರಾ ಸೋತಿತ್ತು. ಡೋಸ್ ಇಳಿಸೋದು, ಮಾತ್ರೆ ಬದಲಿಸೋದು ಡಾಕ್ಟರ ಕೆಲಸ, ಮನೆಯವರದಲ್ಲ. ದೇವನಹಳ್ಳಿ ಚಕ್ಕೋತ ಕೂಡ ಇಂಥವರಿಗೆ ಬೇಡ. ಅದು ರಕ್ತದಲ್ಲಿ ಟ್ಯಾಕ್ರೊಲಿಮಸ್ ಅಂಶ ಏರಿಸಬಲ್ಲದು.

ಎಲ್ಲಕ್ಕಿಂತ ಹತ್ತಿರದ ಅಪಾಯ ಬಸ್ ಸ್ಟ್ಯಾಂಡ್ ಪಕ್ಕದ ಮೆಡಿಕಲ್ ಶಾಪಿನಲ್ಲಿದೆ. “ಸೊಂಟ ಹಿಡ್ಕೊಂಡಿದೆ, ಒಂದು ಮಾತ್ರೆ ಕೊಡಿ ಸಾರ್.” ಚೀಟಿ ಇಲ್ಲ, ವಿಚಾರಣೆ ಇಲ್ಲ, ಡೈಕ್ಲೊಫೆನಾಕ್ಕೋ ಐಬುಪ್ರೊಫೇನೋ ಕೈಗೆ ಬಂತು. ಒಮ್ಮೆ ಪೆಟ್ಟು ತಿಂದ ಕಿಡ್ನಿಗೆ ಇದು ಎರಡನೇ ಪೆಟ್ಟು. ಲಿವರ್ ಆಪರೇಷನ್ ಆಗಿದೆ ಅಂತ ಗಿರಾಕಿ ಬಾಯಿಬಿಟ್ಟು ಹೇಳಬೇಕು. ಅಂಗಡಿಯವರೂ ಒಂದು ಮಾತು ಕೇಳಿದರೆ ನಷ್ಟವೇನಿಲ್ಲ.

ಪೆಟ್ಟು ಬಿದ್ದ ಮೂರು ತಿಂಗಳಿಗೆ ಕಿಡ್ನಿಯನ್ನು ಮತ್ತೆ ನೋಡಬೇಕೆಂದು 2012ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳಿದೆ. ರಕ್ತದ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್, ಜೊತೆಗೆ ಬಿಪಿ: ಜಿಲ್ಲಾ ಕೇಂದ್ರದಲ್ಲೇ ಆಗುವ ಪರೀಕ್ಷೆಗಳು. ಕೆಲಸದ ಗಲಾಟೆಯಲ್ಲಿ ಮರೆತುಬಿಟ್ಟು ಮುಂದೆ ಕಿಡ್ನಿ ಪೂರ್ತಿ ಕೈಕೊಟ್ಟರೆ ಡಯಾಲಿಸಿಸ್. 2016ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಬಡವರಿಗೆ ಅದು ಜಿಲ್ಲಾಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ ನಿಜ. ಆದರೆ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಮಲಗಬೇಕು. ಹೋಗಿ ಬರುವ ಬಸ್ ಚಾರ್ಜು ಬೇರೆ. ಅಷ್ಟು ಹೊತ್ತು ಅಂಗಡಿಯ ಬಾಗಿಲು ತೆರೆಯೋರು ಯಾರು?